ಮನೆಪಟ್ಟಿ ಏರಿಸುವವರು ಯಾರು?

ನಗರಸಭೆ ಚುನಾವಣೆ ಬಂತೆಂದರೆ ದಾಂಡೇಲಿಯ ವಾರ್ಡುಗಳಲ್ಲಿ ಗಟಾರ, ಬೀದಿದೀಪ, ನಲ್ಲಿ ನೀರಿನದೇ ಮಾತು. ಇವಕ್ಕೆಲ್ಲ ದುಡ್ಡು ಎಲ್ಲಿಂದ, ಮನೆಪಟ್ಟಿ ಎಷ್ಟಿರಬೇಕು ಎಂಬುದನ್ನು ಮತ ಕೇಳುವವರು ಎತ್ತುವುದಿಲ್ಲ, ಹಾಕುವವರು ಕೆದಕುವುದಿಲ್ಲ. ಇದನ್ನು ಬರೀ ಜಾಣಮೌನ ಎನ್ನಲಾಗದು. ಪಟ್ಟಿಯ ಲಗಾಮೇ ಊರಿನ ಕೈಯಿಂದ ಜಾರಿಹೋಗಿದೆ.

ಅದು ಜಾರಿದ ಬಗೆ ತಿಳಿಯಲು ಹಿಂದಕ್ಕೆ ಹೋಗಬೇಕು. 1862ರಲ್ಲಿ ಮದ್ರಾಸಿನಿಂದ ಮುಂಬೈ ಪ್ರಾಂತಕ್ಕೆ ಸೇರಿದ ನಮ್ಮ ಉತ್ತರ ಕನ್ನಡ ಜಿಲ್ಲೆ ಏಕೀಕರಣದವರೆಗೂ ಅಲ್ಲೇ ಇತ್ತು. ಮುಂಬೈ ಸೀಮೆಯ ಮುನ್ಸಿಪಾಲಿಟಿಗಳು ಬದುಕಿದ್ದು ಹೆಚ್ಚಾಗಿ ಜಕಾತಿಯ ಮೇಲೆ. ಊರಬಾಗಿಲಲ್ಲಿ ನಾಕೆ, ಮೊದಲು ಚಕ್ಕಡಿ, ಆಮೇಲೆ ಲಾರಿ, ಹೇರಿದ ಸರಕಿನ ಲೆಕ್ಕದಲ್ಲಿ ದುಡ್ಡು ಕಟ್ಟಿಯೇ ಒಳಗೆ ಬರಬೇಕು. ತೆರಿಗೆ ಬೆಲ್ಲ, ಬಟ್ಟೆಯ ಬೆಲೆಯಲ್ಲಿ ಕರಗಿಹೋಗುತ್ತಿದ್ದುದರಿಂದ ಕೊಂಡವರಿಗೆ ಗೊತ್ತೇ ಆಗುತ್ತಿರಲಿಲ್ಲ. ಚುನಾಯಿತ ಸದಸ್ಯರಿಗೆ ಇದಕ್ಕಿಂತ ಸುಖದ ಆದಾಯ ಯಾವುದು? ಆದರೆ ನಾಕೆಯೆಂದರೆ ಕಾಯುವಿಕೆ, ಲಂಚ, ವ್ಯಾಪಾರಿಗಳ ಗೋಳು. 1979ರಲ್ಲಿ ರಾಜ್ಯ ಸರ್ಕಾರ ಜಕಾತಿ ತೆಗೆದು ಪ್ರವೇಶ ತೆರಿಗೆ ತಂದಿತು. ನಾಕೆ ಹೋದದ್ದಕ್ಕೆ ಅಳುವುದೇನೂ ಬೇಡ. ಆದರೆ ಊರಿಗೆ ನೇರವಾಗಿ ಬೀಳುತ್ತಿದ್ದ ಹಣ ಬೆಂಗಳೂರು ಸುತ್ತಿ ಅನುದಾನದ ವೇಷದಲ್ಲಿ ಬರತೊಡಗಿತು. 2017ರಲ್ಲಿ ಜಿಎಸ್‌ಟಿ ಆ ಪ್ರವೇಶ ತೆರಿಗೆಯನ್ನೂ ನುಂಗಿತು.

ಊರಿನದೆಂದು ಮುಖ್ಯವಾಗಿ ಉಳಿದದ್ದು ಮನೆಪಟ್ಟಿ. ಮನೆ ಬಾಡಿಗೆಗೆ ಕೊಟ್ಟರೆ ವರ್ಷಕ್ಕೆ ಎಷ್ಟು ಬಂದೀತು ಎಂದು ಅಧಿಕಾರಿ ಅಂದಾಜಿಸುವ ಪದ್ಧತಿ 2002ರಲ್ಲಿ ಹೋಯಿತು. ಆಸ್ತಿಯ ಮೌಲ್ಯದ ಮೇಲೆ ಮಾಲೀಕರೇ ಲೆಕ್ಕಹಾಕಿ ಕಟ್ಟುವ ಕ್ರಮ ಬಂತು. ಜೊತೆಗೇ ಮೂರು ವರ್ಷಕ್ಕೊಮ್ಮೆ ಕನಿಷ್ಠ ಶೇ 15 ಏರಿಸಲೇಬೇಕೆಂಬ ಕಟ್ಟಳೆ. ಕೊರೊನಾ ಕಾಲದ 2020ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ರಾಜ್ಯಗಳಿಗೆ ಹೆಚ್ಚಿನ ಸಾಲ ಎತ್ತಲು ಒಪ್ಪಿ, ಅದರ ಒಂದು ಪಾಲಿಗೆ ಆಸ್ತಿ ತೆರಿಗೆಯ ಕನಿಷ್ಠ ದರವನ್ನು ಮಾರ್ಗಸೂಚಿ ಬೆಲೆಗೆ ಹೊಂದಿಸುವ ಷರತ್ತು ಹಾಕಿತು. 15ನೇ ಹಣಕಾಸು ಆಯೋಗವೂ ಅದೇ ರಾಗ ಹಾಡಿತು. ಕಾನೂನು ತಿದ್ದುಪಡಿಯಾಯಿತು; ಈಗ ವರ್ಷವರ್ಷವೂ ಶೇ 3ರಿಂದ 5 ಏರಿಕೆ. ದಾಂಡೇಲಿ ನಗರಸಭೆ, ಹಳಿಯಾಳ ಪುರಸಭೆ, ಮುಂಡಗೋಡ ಪಟ್ಟಣ ಪಂಚಾಯಿತಿ ಮೂರಕ್ಕೂ ಅನ್ವಯಿಸುವುದು 1964ರ ಇದೇ ಪೌರಸಭೆ ಕಾಯ್ದೆ. ಏರಿಕೆಯ ವಿಷಯದಲ್ಲಿ ಸದಸ್ಯರು ಕೈ ಎತ್ತಿ ನಿರ್ಧರಿಸಬಹುದಾದದ್ದು ಆ ಮೂರು-ಐದರ ನಡುವಿನ ಜಾಗವನ್ನಷ್ಟೆ. ಪಟ್ಟಿಯ ಜೊತೆ ಕಟ್ಟುವ ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3 ಊರಿನ ಬೊಕ್ಕಸದಲ್ಲಿ ನಿಲ್ಲುವ ಹಣವೂ ಅಲ್ಲ. ಸಿಬ್ಬಂದಿ ಸಂಬಳ, ಬೀದಿದೀಪದ ಬಿಲ್ಲು ಬಹುಪಾಲು ರಾಜ್ಯ ಹಣಕಾಸು ಆಯೋಗದ ಅನುದಾನದಿಂದ. ಹಾಗಾಗಿ ಗಟಾರದ ಭರವಸೆ ಕೊಡುವ ಅಭ್ಯರ್ಥಿ ಮಾತಾಡುತ್ತಿರುವುದು ಬೇರೆಯವರ ಜೇಬಿನ ಬಗ್ಗೆ.

ನಗರಸಭೆಯ ಗೆರೆ ದಾಟಿ ಕೋಗಿಲಬನದ ಕಡೆ, ಇಲ್ಲವೇ ಜೋಯಿಡಾಕ್ಕೆ ಹೋದರೆ 1993ರ ಪಂಚಾಯತ್ ಕಾಯ್ದೆ. ಗ್ರಾಮ ಪಂಚಾಯಿತಿಗೆ ಪಕ್ಷದ ಚಿಹ್ನೆಯಿಲ್ಲದ ಚುನಾವಣೆ. ಜೋಯಿಡಾದ ಬಹುಪಾಲು ಕಾಡು. ಕಾಡಿಗೆ ಪಟ್ಟಿಯಿಲ್ಲ. ಪಟ್ಟಿ ಹಾಕಬಹುದಾಗಿದ್ದ ಅಲ್ಲಿನ ಹಳೆಯ ಸೂಪಾ ಪಟ್ಟಣವೂ ಅಣೆಕಟ್ಟಿನ ನೀರಲ್ಲಿ ಮುಳುಗಿತು. ಕಾಳಿ ನದಿ ನೋಡಲು ಬರುವವರಿಗಾಗಿ ಎದ್ದ ರೆಸಾರ್ಟು, ಹೋಂಸ್ಟೇಗಳೇ ಈಗ ಪಂಚಾಯಿತಿಗಳ ಆಸೆ.

ಪಟ್ಟಿಗೆ ಸದಸ್ಯರ ಅಗತ್ಯವೆಷ್ಟು ಎಂಬುದಕ್ಕೆ ಒಂದು ಪುರಾವೆಯೂ ಸಿಕ್ಕಿತು. 2018ರ ಆಗಸ್ಟ್ 31ರಂದು ದಾಂಡೇಲಿ, ಹಳಿಯಾಳದಲ್ಲಿ ಮತದಾನ ನಡೆದರೂ ಅಧ್ಯಕ್ಷ ಸ್ಥಾನದ ಮೀಸಲಾತಿ ತಕರಾರು ಕೋರ್ಟು ಹತ್ತಿ, ಎರಡು ವರ್ಷಕ್ಕೂ ಹೆಚ್ಚು ಕಾಲ ಗೆದ್ದವರಿಗೆ ಅಧಿಕಾರ ಸಿಗಲಿಲ್ಲ. ಆಡಳಿತಾಧಿಕಾರಿಯೇ ಎಲ್ಲ. ಆಗಲೂ ಏಪ್ರಿಲ್‌ನಲ್ಲಿ ಪಟ್ಟಿ ಕಟ್ಟಬೇಕಿತ್ತು.