ಸ್ಪೋರನ್ ಮತ್ತು ಕಿಲ್ಟ್‌ನ ಚರ್ಮದ ಪಟ್ಟಿಗಳು

ಸ್ಪೋರನ್ ಎಂಬುದು ಸ್ಕಾಟ್ಲೆಂಡಿನ ಸಾಂಪ್ರದಾಯಿಕ ಉಡುಪಾದ ಕಿಲ್ಟ್‌ನ ಮೇಲೆ, ಸೊಂಟದ ಮುಂಭಾಗದಲ್ಲಿ ತೂಗುಬಿಡುವ ಚೀಲ. ಸ್ಕಾಟಿಷ್ ಗೇಲಿಕ್ ಭಾಷೆಯಲ್ಲಿ ಈ ಪದಕ್ಕೆ ಹಣದ ಚೀಲ ಎಂಬ ಅರ್ಥವಿದೆ. ಕಿಲ್ಟ್‌ಗೆ ಜೇಬುಗಳಿಲ್ಲದಿರುವುದರಿಂದ ಹಣ, ಬೀಗದ ಕೈ ಮುಂತಾದುವನ್ನು ಇದರಲ್ಲಿ ಇಟ್ಟುಕೊಳ್ಳಲಾಗುತ್ತದೆ. ಈ ಚೀಲವನ್ನು ಸೊಂಟದ ಸುತ್ತ ಹಿಡಿದಿಡುವುದು ಒಂದು ಚರ್ಮದ ಪಟ್ಟಿ. ಕಿಲ್ಟ್ ಅನ್ನು ಮೈಮೇಲೆ ನಿಲ್ಲಿಸುವುದೂ ಚರ್ಮದ ಪಟ್ಟಿಗಳೇ. ನೋಡುವವರ ಕಣ್ಣಿಗೆ ಹೆಚ್ಚಾಗಿ ಬೀಳದ ಈ ಪಟ್ಟಿಗಳೇ ಇಡೀ ಉಡುಪಿನ ಭಾರವನ್ನು ಹೊರುತ್ತವೆ. ಉಡುಪು ಮೊದಲು ಸವೆಯುವುದೂ ಸಾಮಾನ್ಯವಾಗಿ ಇವುಗಳ ಬಳಿಯಲ್ಲಿಯೇ.

ಹಿನ್ನೆಲೆ

ಹೈಲೆಂಡ್ ಪ್ರದೇಶದ ಹಳೆಯ ಕಿಲ್ಟ್ ಹೊಲಿದ ಉಡುಪಾಗಿರಲಿಲ್ಲ. ಉದ್ದನೆಯ ಉಣ್ಣೆಯ ಬಟ್ಟೆಯನ್ನು ನೆರಿಗೆ ಹಿಡಿದು ಸೊಂಟಕ್ಕೆ ಸುತ್ತಿ, ಅದರ ಮೇಲೆ ಅಗಲವಾದ ಬೆಲ್ಟ್ ಬಿಗಿಯಲಾಗುತ್ತಿತ್ತು. ಬೆಲ್ಟ್ ಬಿಚ್ಚಿದರೆ ಉಡುಪೇ ಬಿಚ್ಚಿಹೋಗುತ್ತಿತ್ತು. 1746ರ ಕಾಯಿದೆಯೊಂದು ಹೈಲೆಂಡ್ ಉಡುಪನ್ನು ನಿಷೇಧಿಸಿತು. ಸೇನೆಗೆ ಮಾತ್ರ ಇದರಿಂದ ವಿನಾಯಿತಿ ಇತ್ತು. 1782ರಲ್ಲಿ ನಿಷೇಧ ರದ್ದಾಯಿತು. 18ನೆಯ ಶತಮಾನದ ಕೊನೆಯ ಹೊತ್ತಿಗೆ ನೆರಿಗೆಗಳನ್ನು ಹೊಲಿದು ಕೂರಿಸಿದ ಕಿಲ್ಟ್ ಬಳಕೆಗೆ ಬಂದಿತು. ಮುಂದೆ ಇದಕ್ಕೆ ಪಟ್ಟಿ ಮತ್ತು ಬಕಲ್‌ಗಳನ್ನು ಜೋಡಿಸಲಾಯಿತು. ಹೀಗಾಗಿ ಇಂದಿನ ಕಿಲ್ಟ್‌ನ ಮೇಲಿನ ಅಗಲ ಬೆಲ್ಟ್ ಬಹುಮಟ್ಟಿಗೆ ಅಲಂಕಾರಕ್ಕಷ್ಟೇ ಉಳಿದಿದೆ.

ಸ್ಪೋರನ್ ಕೂಡ ಮೊದಲು ಜಿಂಕೆ ಅಥವಾ ಕರುವಿನ ತೊಗಲಿನ, ಬಾಯಿಯನ್ನು ದಾರದಿಂದ ಬಿಗಿಯುವ ಸರಳ ಚೀಲವಾಗಿತ್ತು. ಲೋಹದ ಬಾಯಿಕಟ್ಟು, ಕುದುರೆ ಕೂದಲಿನ ಕುಚ್ಚು ಮುಂತಾದುವು ಅನಂತರ ಸೇರಿದಂತೆ ಚೀಲದ ತೂಕ ಹೆಚ್ಚಿತು, ಪಟ್ಟಿಯ ಕೆಲಸವೂ ಹೆಚ್ಚಿತು.

ಕಿಲ್ಟ್‌ನ ಪಟ್ಟಿಗಳು

ಕಿಲ್ಟ್‌ನ ಮುಂಭಾಗದಲ್ಲಿ ನೆರಿಗೆಯಿಲ್ಲದ ಎರಡು ಪದರಗಳು ಒಂದರ ಮೇಲೊಂದು ಬರುತ್ತವೆ. ಒಳಪದರದ ಅಂಚಿನಲ್ಲಿರುವ ಪಟ್ಟಿಯು ಎಡಭಾಗದಲ್ಲಿ ಬಟ್ಟೆಯ ಒಂದು ಸೀಳಿನ ಮೂಲಕ ಹೊರಬಂದು, ಎಡ ಸೊಂಟದ ಬಕಲ್‌ಗೆ ಸೇರುತ್ತದೆ. ಹೊರಪದರದ ಪಟ್ಟಿಯು ಬಲ ಸೊಂಟದಲ್ಲಿ ಬಿಗಿಯಲ್ಪಡುತ್ತದೆ. ಅನೇಕ ಕಿಲ್ಟ್‌ಗಳಲ್ಲಿ ಬಲಭಾಗದಲ್ಲಿಯೇ ಸ್ವಲ್ಪ ಕೆಳಗೆ ಮೂರನೆಯ ಪಟ್ಟಿಯೂ ಇರುತ್ತದೆ.

ಈ ಪಟ್ಟಿಗಳನ್ನು ಕೂರಿಸುವಾಗ ಗಮನಿಸಬೇಕಾದ ಮುಖ್ಯ ಸಂಗತಿ, ಹೊಲಿಗೆ ಎಲ್ಲಿಯವರೆಗೆ ಇಳಿಯುತ್ತದೆ ಎಂಬುದು. ಉತ್ತಮ ಕಿಲ್ಟ್‌ನ ಒಳಗೆ ಸೊಂಟದ ಭಾಗದಲ್ಲಿ ಗಟ್ಟಿ ಕ್ಯಾನ್ವಾಸ್ ಬಟ್ಟೆಯ ಪದರವಿರುತ್ತದೆ. ಪಟ್ಟಿ ಮತ್ತು ಬಕಲ್‌ಗಳ ಹೊಲಿಗೆಯು ಈ ಕ್ಯಾನ್ವಾಸನ್ನು ಹಿಡಿದಿರಬೇಕು. ಹೊರಗಿನ ಉಣ್ಣೆಗೆ ಮಾತ್ರ ಹೊಲಿದ ಪಟ್ಟಿಯು ಸ್ವಲ್ಪ ಕಾಲದಲ್ಲಿಯೇ ಬಟ್ಟೆಯನ್ನು ಎಳೆದು ಹರಿಯುತ್ತದೆ. ಸುಮಾರು 8 ಗಜ ಬಟ್ಟೆಯನ್ನು ಕೈಯಿಂದ ಹೊಲಿದು ಮಾಡಿದ ಕಿಲ್ಟ್ ಬೆಲೆಬಾಳುವಂಥದು. ಪಟ್ಟಿ ಹೋದರೆ ಹೊಸದನ್ನು ಹಾಕಬಹುದು, ಆದರೆ ಹರಿದ ಉಣ್ಣೆಯ ನೇಯ್ಗೆಯನ್ನು ಗುರುತು ಕಾಣದಂತೆ ಸರಿಪಡಿಸುವುದು ಕಷ್ಟ. ಇದೇ ಕಾರಣದಿಂದ ಕಿಲ್ಟ್‌ನ ಬಟ್ಟೆಗೆ ರಿವೆಟ್ ಹೊಡೆಯುವುದು ಸರಿಯಲ್ಲ. ರಿವೆಟ್ ಇಡೀ ಎಳೆತವನ್ನು ಒಂದೇ ಬಿಂದುವಿಗೆ ತರುತ್ತದೆ, ಹೊಲಿಗೆಯಾದರೆ ಅದನ್ನು ಹಂಚುತ್ತದೆ. ಎಡಭಾಗದ ಸೀಳಿನ ಅಂಚುಗಳನ್ನೂ ಆಗಾಗ ಪರೀಕ್ಷಿಸುವುದು ಒಳ್ಳೆಯದು.

ಸ್ಪೋರನ್ ಪಟ್ಟಿಯ ಜೋಡಣೆ

ಸ್ಪೋರನ್‌ನ ಹಿಂಬದಿಯಲ್ಲಿ ಎರಡು ಲೋಹದ ಬಳೆಗಳು ಅಥವಾ ಗುಂಡಿಗಳಿರುತ್ತವೆ. ಬಹು ಬಳಕೆಯ ಮಾದರಿಯಲ್ಲಿ ಬೆನ್ನಿನ ಕಡೆ ಬಕಲ್ ಇರುವ ಚರ್ಮದ ಪಟ್ಟಿಯೂ, ಮುಂದಕ್ಕೆ ಎರಡು ಬದಿಯಲ್ಲಿ ಸಣ್ಣ ಸರಪಳಿಗಳೂ ಇದ್ದು, ಸರಪಳಿಯ ತುದಿಗಳು ಬಳೆಗಳಿಗೆ ಸಿಕ್ಕಿಕೊಳ್ಳುತ್ತವೆ. ಇನ್ನೊಂದು ಮಾದರಿ ಪೂರ್ಣವಾಗಿ ಚರ್ಮದ್ದು. ಅದರ ತುದಿಗಳಲ್ಲಿ ಗುಂಡಿ ತೂರುವಷ್ಟು ರಂಧ್ರವೂ ಅದಕ್ಕೆ ಹೊಂದಿದ ಚಿಕ್ಕ ಸೀಳೂ ಇರುತ್ತವೆ. ಸೊಂಟದ ಬೆಲ್ಟ್‌ನಿಂದಲೇ ಚೀಲವನ್ನು ತೂಗುಬಿಡುವ ತುಂಡು ಪಟ್ಟಿಗಳೂ ಉಂಟು. ಸರಪಳಿ ನೋಡಲು ಚೆನ್ನ, ಆದರೆ ಬಟ್ಟೆಯನ್ನು ಉಜ್ಜಿ ಸವೆಸುತ್ತದೆ. ದಿನಬಳಕೆಗೆ ಚರ್ಮದ ಪಟ್ಟಿಯೇ ಮೇಲು.

ಅಳತೆಯನ್ನು ಕಿಲ್ಟ್ ಉಟ್ಟ ಮೇಲೆಯೇ ತೆಗೆದುಕೊಳ್ಳಬೇಕು. ಪ್ಯಾಂಟಿನ ಸೊಂಟದ ಅಳತೆ ಇಲ್ಲಿ ಉಪಯೋಗಕ್ಕೆ ಬಾರದು, ಏಕೆಂದರೆ ಪಟ್ಟಿಯು ದಪ್ಪನೆಯ ನೆರಿಗೆಗಳ ಮೇಲೆ ಹಾದುಹೋಗುತ್ತದೆ. ಪಟ್ಟಿಯನ್ನು ಮೊದಲು ಕಿಲ್ಟ್‌ನ ಹಿಂಭಾಗದಲ್ಲಿರುವ ಎರಡು ಕುಣಿಕೆಗಳೊಳಗೆ ತೂರಿಸಿ, ನಂತರ ಮುಂಭಾಗಕ್ಕೆ ತಂದು ಚೀಲಕ್ಕೆ ಜೋಡಿಸಬೇಕು. ಚೀಲದ ಮೇಲಂಚು ಬೆಲ್ಟ್‌ನ ಬಕಲ್‌ನಿಂದ ಮೂರು ನಾಲ್ಕು ಬೆರಳಿನಷ್ಟು ಕೆಳಗೆ, ಸರಿಯಾಗಿ ನಡುವೆ ಇರುವುದು ರೂಢಿ. ಇನ್ನೂ ಕೆಳಗಿಳಿದರೆ ನಡೆಯುವಾಗ ತೊಡೆಗೆ ಬಡಿಯುತ್ತದೆ, ಮೇಲೇರಿದರೆ ಕೋಟಿನ ಅಂಚಿಗೆ ಸಿಗುತ್ತದೆ. ಕಾರು ಓಡಿಸುವಾಗ, ಕುಣಿಯುವಾಗ, ಡ್ರಮ್ ಬಾರಿಸುವಾಗ ಚೀಲವನ್ನು ಸೊಂಟದ ಪಕ್ಕಕ್ಕೆ ಸರಿಸಿಕೊಳ್ಳುವುದುಂಟು. ಪಟ್ಟಿಯಲ್ಲಿ ಇದಕ್ಕೆ ಎಡೆ ಕೊಡುವಷ್ಟು ಸಡಿಲವಿರಬೇಕು.

ಚರ್ಮ ಮತ್ತು ಹೊಲಿಗೆ

ಪಟ್ಟಿಗೆ ಮರದ ತೊಗಟೆಯಂತಹ ಸಸ್ಯಮೂಲದ ಒಗರಿನಿಂದ ಹದ ಮಾಡಿದ ಹಸುವಿನ ಚರ್ಮ ಸೂಕ್ತ. ಬ್ರಿಟನ್ನಿನಲ್ಲಿ ಇದಕ್ಕೆ ಓಕ್ ಮರದ ತೊಗಟೆ ಪ್ರಸಿದ್ಧ. ದಕ್ಷಿಣ ಭಾರತದಲ್ಲಿ ತಂಗಡಿ ಗಿಡದ ತೊಗಟೆಯನ್ನು ಇದೇ ಕೆಲಸಕ್ಕೆ ಬಳಸಲಾಗುತ್ತಿತ್ತು. ಕ್ರೋಮಿಯಂ ಲವಣದಿಂದ ಹದ ಮಾಡಿದ ಚರ್ಮ ಮೃದುವಾದರೂ ಹೆಚ್ಚು ಹಿಗ್ಗುತ್ತದೆ. ಪ್ರಾಣಿಯ ಬೆನ್ನೆಲುಬಿಗೆ ಸಮಾನಾಂತರವಾಗಿ ಕತ್ತರಿಸಿದ ಪಟ್ಟಿ ಹಿಗ್ಗುವುದು ಕಡಿಮೆ. ಹೊಟ್ಟೆಯ ಭಾಗದ ಚರ್ಮ ಪಟ್ಟಿಗೆ ಯೋಗ್ಯವಲ್ಲ.

ಬಕಲ್ ಕೂರಿಸುವ ತುದಿಯನ್ನು ಮಡಿಚುವ ಮೊದಲು ಒಳಬದಿಯಿಂದ ಹೆರೆದು ತೆಳುಗೊಳಿಸಬೇಕು. ಮಡಿಕೆಯ ನಡುವೆ ಬಕಲ್‌ನ ನಾಲಗೆ ಆಡಲು ಉದ್ದುದ್ದನೆಯ ರಂಧ್ರ ಬೇಕು. ನಂತರ ಮೇಣ ಸವರಿದ ದಾರದ ಎರಡು ತುದಿಗಳಿಗೂ ಸೂಜಿ ಪೋಣಿಸಿ, ಒಂದೇ ರಂಧ್ರದಲ್ಲಿ ಎರಡು ಕಡೆಯಿಂದಲೂ ದಾಟಿಸುತ್ತ ಹೊಲಿಯಲಾಗುತ್ತದೆ. ಕುದುರೆಯ ಜೀನು ಮಾಡುವವರು ಬಳಸುವ ಹೊಲಿಗೆ ಇದು. ಇದರಲ್ಲಿ ಒಂದು ಕಡೆಯ ದಾರ ತುಂಡಾದರೂ ಇನ್ನೊಂದು ಹಿಡಿದಿರುತ್ತದೆ, ಯಂತ್ರದ ಹೊಲಿಗೆಯಂತೆ ಸಾಲಾಗಿ ಬಿಚ್ಚಿಕೊಳ್ಳುವುದಿಲ್ಲ. ಬಕಲ್ ಹಿತ್ತಾಳೆಯದಾಗಿದ್ದರೆ ಅಥವಾ ನಿಕಲ್ ಲೇಪ ಹೊಂದಿದ್ದರೆ ಲೇಸು. ತೊಗಟೆಯಿಂದ ಹದ ಮಾಡಿದ ಚರ್ಮಕ್ಕೆ ತೇವದಲ್ಲಿ ಕಬ್ಬಿಣ ತಾಗಿದರೆ ಅಳಿಸಲಾಗದ ಕಪ್ಪು ಕಲೆ ಮೂಡುತ್ತದೆ, ಮತ್ತು ಸ್ಕಾಟ್ಲೆಂಡಿನಲ್ಲಿ ತೇವಕ್ಕೆ ಕೊರತೆಯಿಲ್ಲ.

ದುರಸ್ತಿ

ಪಟ್ಟಿ ಹೆಚ್ಚಾಗಿ ಬಿರುಕು ಬಿಡುವುದು ಬಕಲ್‌ನ ಸುತ್ತಲಿನ ಮಡಿಕೆಯಲ್ಲಿ. ಪಟ್ಟಿ ಸಾಕಷ್ಟು ಉದ್ದವಿದ್ದರೆ ಆ ತುದಿಯನ್ನು ಕತ್ತರಿಸಿ, ಹೊಸದಾಗಿ ಮಡಿಚಿ ಹೊಲಿಯಬಹುದು. ಇಲ್ಲವಾದರೆ ಪಟ್ಟಿಯನ್ನೇ ಬದಲಿಸಬೇಕು. ಕೇವಲ ಅಂಟು ಹಚ್ಚಿದ ಜೋಡಣೆ ಎಳೆತವನ್ನು ತಡೆಯದು. ಎಳೆದು ಮೊಟ್ಟೆಯಾಕಾರಕ್ಕೆ ತಿರುಗಿದ ರಂಧ್ರ ಪಟ್ಟಿ ಹಿಗ್ಗಿರುವುದರ ಸೂಚನೆ.

ಚೀಲದ ಬೆನ್ನಿನ ಬಳೆಯ ಆಧಾರ ಕಿತ್ತುಬಂದರೆ ಕೆಲಸ ಸೂಕ್ಷ್ಮವಾಗುತ್ತದೆ. ಒಳಗಡೆ ಹೊಸ ಚರ್ಮದ ತುಂಡನ್ನು ಆಸರೆಯಾಗಿಟ್ಟು, ಸಾಧ್ಯವಿದ್ದಷ್ಟು ಹಳೆಯ ರಂಧ್ರಗಳಲ್ಲಿಯೇ ಹೊಲಿಯಬೇಕು, ಏಕೆಂದರೆ ಹೊಸ ರಂಧ್ರಗಳು ಹಳೆಯ ಚರ್ಮವನ್ನು ಇನ್ನಷ್ಟು ದುರ್ಬಲಗೊಳಿಸುತ್ತವೆ. ಸೀಲ್ ಪ್ರಾಣಿಯ ತುಪ್ಪಳದ ಹಳೆಯ ಸ್ಪೋರನ್‌ಗಳ ವಿಷಯದಲ್ಲಿ ಈ ಎಚ್ಚರಿಕೆ ಹೆಚ್ಚು ಅಗತ್ಯ. ಐರೋಪ್ಯ ಒಕ್ಕೂಟವು 2009ರಲ್ಲಿ ಸೀಲ್ ಉತ್ಪನ್ನಗಳ ಮಾರಾಟವನ್ನು ನಿರ್ಬಂಧಿಸಿದ ಬಳಿಕ ಅಂಥ ಚೀಲ ಕೆಟ್ಟರೆ ಅದೇ ಬಗೆಯ ಇನ್ನೊಂದನ್ನು ಪಡೆಯುವುದು ಕಷ್ಟವಾಗಿದೆ.

ಒದ್ದೆಯಾದ ಪಟ್ಟಿಯನ್ನು ಬೆಂಕಿ ಅಥವಾ ಹೀಟರ್‌ನಿಂದ ದೂರದಲ್ಲಿ, ನೆರಳಿನಲ್ಲಿ ನಿಧಾನವಾಗಿ ಒಣಗಿಸಬೇಕು. ಎಣ್ಣೆಯನ್ನು ಮಿತವಾಗಿ ಸವರಬೇಕು. ಹೆಚ್ಚಾದರೆ ಚರ್ಮ ಸಡಿಲವಾಗುವುದಲ್ಲದೆ ಉಣ್ಣೆಗೂ ಕಲೆ ಹತ್ತುತ್ತದೆ. ಡ್ರೈ ಕ್ಲೀನಿಂಗ್ ದ್ರಾವಣಗಳು ಚರ್ಮದ ಎಣ್ಣೆಯಂಶವನ್ನು ತೆಗೆದುಬಿಡುವುದರಿಂದ, ಕಿಲ್ಟ್ ತೊಳೆಯಿಸಿ ತಂದ ಮೇಲೆ ಅದರ ಪಟ್ಟಿಗಳಿಗೆ ತೆಳುವಾಗಿ ಎಣ್ಣೆ ಸವರಿ, ಅದು ಪೂರ್ತಿ ಹೀರಿಕೊಂಡ ನಂತರವೇ ಮಡಿಚಿಡಬೇಕು.