ರೈಟ್ ಕ್ಲಿಕ್ ಬಂದ್ ಮಾಡ್ರಿ!

ಖಾನಾಪುರದ ನನ್ನೊಬ್ಬ ಗೆಳೆಯ ಫೋಟೊಗ್ರಾಫರ್. ಮದುವೆ ಸೀಸನ್ ಮುಗಿದ ಮೇಲೆ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹಲಸಿ, ಕಣಕುಂಬಿ, ಭೀಮಗಡ ಎಂದು ತಿರುಗುವವನು. ಒಂದು ಮಳೆಗಾಲದ ಬೆಳಿಗ್ಗೆ ಹಲಸಿಯ ಭೂವರಾಹ ನರಸಿಂಹ ಗುಡಿಯ ಮುಂದೆ ಎರಡು ತಾಸು ಕಾದು ಮೋಡ ಸರಿದಾಗ ತೆಗೆದ ಚಿತ್ರವನ್ನು ತನ್ನ ಜಾಲತಾಣಕ್ಕೆ ಏರಿಸಿದ್ದ. ಆರು ತಿಂಗಳ ನಂತರ ಅದೇ ಚಿತ್ರ ಬೆಳಗಾವಿಯ ಒಂದು ಸರ್ಕಲ್‌ನಲ್ಲಿ, ಯಾರದೋ ಹುಟ್ಟುಹಬ್ಬದ ಫ್ಲೆಕ್ಸ್ ಮೇಲೆ, ಕೈಮುಗಿದ ಮುಖಗಳ ಸಾಲಿನ ಹಿಂದೆ ಕಾಣಿಸಿತು. ಮೂಲೆಯಲ್ಲಿದ್ದ ಅವನ ಹೆಸರು ಹಾರಿಹೋಗಿತ್ತು.

ಟಿಳಕವಾಡಿಯ ನನ್ನ ಕೋಣೆಗೆ ಬಂದವನು ಕೂಡುವ ಮೊದಲೇ ಶುರುಮಾಡಿದ: "ನಾಳಿಂದ ನನ್ನ ಫೋಟೊ ಯಾರೂ ಎತ್ತಬಾರ್ದ್ ನೋಡ್ರಿ ಸರ. ರೈಟ್ ಕ್ಲಿಕ್ ಬಂದ್ ಮಾಡಿಬಿಡ್ರಿ. ಎಷ್ಟ್ ಆಗತೈತಿ ಹೇಳ್ರಿ."

ಜಾಲತಾಣ ಕಟ್ಟಿಕೊಟ್ಟು ಹೊಟ್ಟೆ ಹೊರೆಯುವ ನನಗೆ ಈ ಬೇಡಿಕೆ ಹೊಸದಲ್ಲ. ಇದರ ಬೆನ್ನಿಗೇ ಬರುವ ನಂಬಿಕೆಗಳೂ ಹೊಸವಲ್ಲ.

ತಪ್ಪು ಕಲ್ಪನೆ: ರೈಟ್ ಕ್ಲಿಕ್ ಬಂದ್ ಮಾಡಿದರೆ ನಕಲು ನಿಲ್ಲುತ್ತದೆ.

ಅಂತರ್ಜಾಲದಲ್ಲಿ ಒಂದು ಪುಟವನ್ನು 'ನೋಡುವುದು' ಎಂದರೆ ಅದರ ನಕಲನ್ನು ನಮ್ಮ ಮೊಬೈಲಿಗೋ ಕಂಪ್ಯೂಟರಿಗೋ ಇಳಿಸಿಕೊಳ್ಳುವುದು. ಚಿತ್ರ ತೆರೆಯ ಮೇಲೆ ಮೂಡುವ ಹೊತ್ತಿಗೆ ಫೈಲು ನೋಡುಗನ ಯಂತ್ರದೊಳಗೆ ಬಂದು ಕುಳಿತಾಗಿರುತ್ತದೆ. ಆಮೇಲೆ ರೈಟ್ ಕ್ಲಿಕ್ ತಡೆಯುವುದು ಖಡೇಬಜಾರಿನಲ್ಲಿ ಕರಪತ್ರ ಹಂಚಿ, "ಮನೆಗೆ ಒಯ್ಯಬ್ಯಾಡ್ರಿ" ಎಂದು ಕೂಗಿದ ಹಾಗೆ.

ಗೆಳೆಯನಿಗೆ ಮಾತಿನಲ್ಲಿ ನಂಬಿಕೆ ಬರಲಿಲ್ಲ. ಅವನ ಪುಟದ ಪರೀಕ್ಷಾ ಪ್ರತಿಯೊಂದನ್ನು ಮಾಡಿ, ಅವನು ಕೇಳಿದ ಬೀಗವನ್ನೆಲ್ಲ ಜಡಿದು, ಅವನ ಎದುರಿಗೇ ಒಡೆದು ತೋರಿಸಿದೆ. ಮೊದಲು ಬ್ರೌಸರ್ ಸೆಟ್ಟಿಂಗಿನಲ್ಲಿ ಜಾವಾಸ್ಕ್ರಿಪ್ಟ್ ಬಂದ್ ಮಾಡಿದೆ. ರೈಟ್ ಕ್ಲಿಕ್ ತಡೆಯುವ ಸಾಲುಗಳು ಬರೆದಿರುವುದೇ ಜಾವಾಸ್ಕ್ರಿಪ್ಟಿನಲ್ಲಿ, ಹಾಗಾಗಿ ಬೀಗವೂ ಕಳಚಿತು. ಅಕ್ಷರ ಆಯ್ದುಕೊಳ್ಳದಂತೆ ಮಾಡಿದ್ದ ಬರಹ ರೀಡರ್ ಮೋಡ್ ಒತ್ತಿದ ತಕ್ಷಣ ಬಿಡುಗಡೆಯಾಯಿತು. ಕಂಟ್ರೋಲ್-ಯು ಒತ್ತಿದರೆ ಪುಟದ ಒಡಲೇ ಕಣ್ಮುಂದೆ. ಚಿತ್ರದ ಮೇಲೆ ಪಾರದರ್ಶಕ ಚಿತ್ರವೊಂದನ್ನು ಹೊದಿಸುವ ಹಳೆಯ ಉಪಾಯವನ್ನೂ ಮಾಡಿದ್ದೆ. ಎಫ್ 12 ಒತ್ತಿ ಫೈಲುಗಳ ಪಟ್ಟಿ ತೆರೆದರೆ ಮೂಲ ಚಿತ್ರ ಮೂರನೆಯ ಸಾಲಿನಲ್ಲಿತ್ತು. ಕೊನೆಗೆ ಮೊಬೈಲಿನಲ್ಲಿ ಸ್ಕ್ರೀನ್‌ಶಾಟ್. ಅವನಿಗೆ ಜೀವ ಹೋದದ್ದು ಅದನ್ನು ನೋಡಿ: "ಇದನ್ನ ನಮ್ಮ ಮನ್ಯಾಗಿನ ಸಣ್ಣ ಹುಡುಗನೂ ಮಾಡತಾನಲ್ರಿ!"

ತಪ್ಪು ಕಲ್ಪನೆ: ಬೀಗ ಕೆಲಸ ಮಾಡದಿದ್ದರೂ ನಷ್ಟವೇನಿಲ್ಲ, ಇರಲಿ ಬಿಡಿ.

ನಷ್ಟವಿದೆ, ಅದೂ ಒಳ್ಳೆಯವರಿಗೆ. ಬೆಳಗಾವಿಯ ಒಂದು ಕುಂದಾ ಅಂಗಡಿಯವರು ಇದೇ ಹಟ ಹಿಡಿದು ಬೇರೆ ಯಾರಿಂದಲೋ ಇಡೀ ಜಾಲತಾಣಕ್ಕೆ ಕಾಪಿ ತಡೆ ಹಾಕಿಸಿಕೊಂಡಿದ್ದರು. ಹುಬ್ಬಳ್ಳಿಯ ಗಿರಾಕಿಯೊಬ್ಬರು ಮದುವೆಗೆಂದು ಹತ್ತು ಕಿಲೋ ಕುಂದಾ ಹೇಳಬೇಕು. ಅಂಗಡಿಯ ನಂಬರಿನ ಮೇಲೆ ಬೆರಳು ಒತ್ತಿ ಹಿಡಿದರೆ ಏನೂ ಆಗದು. ವಿಳಾಸವನ್ನು ವಾಟ್ಸ್‌ಆ್ಯಪ್‌ಗೆ ಎತ್ತಿ ಹಾಕಲೂ ಆಗದು. ಚೀಟಿಯ ಮೇಲೆ ನಂಬರ್ ಬರೆದುಕೊಂಡು ಫೋನ್ ಮಾಡಿದವರ ಮೊದಲ ಮಾತು: "ನಿಮ್ಮ ನಂಬರ್ ಕಾಪೀನ ಆಗವಲ್ದಲ್ರಿ." ಫೋನ್ ಮಾಡದೆ ಬೇರೆ ಅಂಗಡಿಗೆ ಹೋದವರು ಎಷ್ಟು ಜನವೋ, ಲೆಕ್ಕ ಇಟ್ಟವರಿಲ್ಲ.

ಇನ್ನು ಕೆಲವರು ಬರಹವನ್ನೆಲ್ಲ ಚಿತ್ರ ಮಾಡಿ ಹಾಕುತ್ತಾರೆ. ಪರದೆಯ ಮೇಲಿನ ಅಕ್ಷರವನ್ನು ಓದಿ ಹೇಳುವ ತಂತ್ರಾಂಶವನ್ನೇ ನೆಚ್ಚಿದ ಅಂಧರಿಗೆ ಆ ಪುಟ ಖಾಲಿ ಗೋಡೆ. ಹುಡುಕುವವರ ಕಣ್ಣಿಗೂ ಅದು ಸುಲಭವಾಗಿ ಬೀಳುವುದಿಲ್ಲ. ಕದಿಯುವವನಿಗೆ ಮಾತ್ರ ತೊಂದರೆಯಿಲ್ಲ: ಗೂಗಲ್ ಲೆನ್ಸ್ ಹಿಡಿದರೆ ಚಿತ್ರದೊಳಗಿನ ಕನ್ನಡ ಅಕ್ಷರಗಳು ಬರಹವಾಗಿ ಕೈಗೆ ಬರುತ್ತವೆ.

ಈ ಪಾಠ ಕನ್ನಡದವರಿಗೆ ಮೊದಲೇ ಆಗಬೇಕಿತ್ತು. ಯುನಿಕೋಡ್ ಬಳಕೆಗೆ ಬರುವ ಮುಂಚೆ ನಮ್ಮ ಪತ್ರಿಕೆಗಳ ತಾಣಗಳು ತಮ್ಮದೇ ಫಾಂಟ್‌ಗಳಲ್ಲಿ ಇದ್ದವು. ಅಲ್ಲಿಂದ ಸಾಲೊಂದನ್ನು ಎತ್ತಿ ಬೇರೆಡೆ ಇಟ್ಟರೆ ಟೊಪ್ಪಿಗೆ, ಬಾಲ, ಚುಕ್ಕೆ ಅಂಟಿಸಿಕೊಂಡ ಲ್ಯಾಟಿನ್ ಅಕ್ಷರಗಳ ಗೊಜ್ಜು ಬರುತ್ತಿತ್ತು. ಹಳೆಯ ನುಡಿ ಫಾಂಟಿನ ಪಿಡಿಎಫ್‌ಗಳಲ್ಲಿ ಇವತ್ತೂ ಅದೇ ಗತಿ. ಯಾರೂ ಬಯಸದೆ ಸಿಕ್ಕ ಕಾಪಿ ತಡೆ ಅದು. ಫಲವೇನು? ಕಳ್ಳರು ಕೂತು ಟೈಪ್ ಮಾಡಿಕೊಂಡರು, ಆಮೇಲೆ ಯುನಿಕೋಡಿಗೆ ಬದಲಿಸುವ ಪರಿವರ್ತಕಗಳು ಬಂದವು. ಆ ವರ್ಷಗಳ ಕನ್ನಡ ಬರಹ ಮಾತ್ರ ಹುಡುಕಾಟಕ್ಕೆ ಸಿಗದೆ ಮೂಲೆ ಸೇರಿತು.

ತಪ್ಪು ಕಲ್ಪನೆ: ಒಟಿಟಿಯವರು ಸ್ಕ್ರೀನ್‌ಶಾಟ್ ಕಪ್ಪು ಮಾಡುತ್ತಾರಲ್ಲ, ನಮಗೂ ಹಾಗೆ ಮಾಡಿಸಬಹುದು.

ಅಲ್ಲಿ ವಿಡಿಯೊ ಗೂಢಲಿಪಿಯಲ್ಲಿ ಬರುತ್ತದೆ, ಅದನ್ನು ಬಿಡಿಸುವ ಕೀಲಿ ಪರವಾನಗಿ ಪಡೆದ ಸಾಧನದೊಳಗೆ ಅಡಗಿರುತ್ತದೆ. ಮೊಬೈಲ್ ತಯಾರಕರು, ಬ್ರೌಸರ್ ಕಂಪನಿಗಳು, ಸಿನಿಮಾದವರು ಎಲ್ಲ ಕೂಡಿ ಕಟ್ಟಿದ ಏರ್ಪಾಡು ಅದು. ಸಾದಾ ಚಿತ್ರಕ್ಕೂ ಬರಹಕ್ಕೂ ಅಂಥದ್ದು ಸಿಗುವುದಿಲ್ಲ. ಅಷ್ಟೆಲ್ಲ ಮಾಡಿಯೂ ಇನ್ನೊಂದು ಮೊಬೈಲ್ ಎದುರು ಹಿಡಿದು ಚಿತ್ರೀಕರಿಸುವವನನ್ನು ಅವರಿಗೂ ತಡೆಯಲಾಗಿಲ್ಲ.

ತಪ್ಪು ಕಲ್ಪನೆ: ರೋಬೋಟ್ಸ್ ಫೈಲ್‌ನಲ್ಲಿ 'ಬೇಡ' ಎಂದು ಬರೆದರೆ ಯಂತ್ರಗಳು ಒಳಗೆ ಬರುವುದಿಲ್ಲ.

ತಾಣಗಳನ್ನು ತಾವಾಗಿ ಸುತ್ತಿ ಪುಟ ಒಯ್ಯುವ ತಂತ್ರಾಂಶಗಳಿಗೆ ಯಾವುದನ್ನು ಮುಟ್ಟಬಾರದೆಂದು ಹೇಳುವ ಫೈಲು ಇದು. 1994ರಲ್ಲಿ ಹುಟ್ಟಿದ ಈ ಪದ್ಧತಿ 2022ರಲ್ಲಿ ಅಧಿಕೃತ ಮಾನದಂಡದ ರೂಪ ಪಡೆಯಿತು. ಆದರೂ ಅದು ಗೇಟಿಗೆ ತೂಗುಹಾಕಿದ ಬೋರ್ಡು. ಮರ್ಯಾದಸ್ಥರು ಓದಿ ಹಿಂದಿರುಗುತ್ತಾರೆ, ಉಳಿದವರು ಬೋರ್ಡು ಸರಿಸಿ ಒಳಗೆ ಬರುತ್ತಾರೆ. ಹಾಕಿಡಿ, ಖರ್ಚಿಲ್ಲ. ನೆಚ್ಚಿಕೊಳ್ಳಬೇಡಿ.

ತಪ್ಪು ಕಲ್ಪನೆ: ಅಂತರ್ಜಾಲದಲ್ಲಿ ಸಿಕ್ಕಿದ್ದು ಎಲ್ಲರದು, 'ಕೃಪೆ: ಗೂಗಲ್' ಎಂದು ಹಾಕಿದರೆ ಮುಗಿಯಿತು.

ಗೆಳೆಯ ಫ್ಲೆಕ್ಸ್ ಮುದ್ರಿಸಿದವರನ್ನು ಹುಡುಕಿ ಕೇಳಿದಾಗ ಬಂದ ಉತ್ತರವೂ ಇದೇ: "ಗೂಗಲ್‌ನ್ಯಾಗ ಇತ್ರಿ." ಗೂಗಲ್ ಚಿತ್ರ ತೆಗೆಯುವುದಿಲ್ಲ, ಚಿತ್ರ ಎಲ್ಲಿದೆ ಎಂದು ತೋರಿಸುತ್ತದೆ. 'ಚಿತ್ರಕೃಪೆ: ಅಂತರ್ಜಾಲ' ಎಂದು ಅಚ್ಚು ಹಾಕುವ ನಮ್ಮ ಪತ್ರಿಕೆಗಳೂ ಈ ತಪ್ಪಿನಲ್ಲಿ ಪಾಲುದಾರರೇ. ದಾರಿಯಲ್ಲಿ ನಿಲ್ಲಿಸಿದ ಬೈಕ್ ಏರಿ ಹೋಗಿ, 'ಕೃಪೆ: ರಸ್ತೆ' ಎಂದರೆ ಒಪ್ಪುತ್ತೇವೆಯೇ?

ಹಲಸಿಯ ಗುಡಿ ಗೋವೆಯ ಕದಂಬರ ಕಾಲದ್ದು, 12ನೇ ಶತಮಾನದ್ದು. ಅದರ ಮೇಲೆ ಯಾರ ಹಕ್ಕುಸ್ವಾಮ್ಯವೂ ಇಲ್ಲ. ಯಾರು ಬೇಕಾದರೂ ಹೋಗಿ ತಮ್ಮ ಚಿತ್ರ ತೆಗೆದುಕೊಳ್ಳಬಹುದು. ಆದರೆ ಆ ಬೆಳಗಿನ ಆ ಚಿತ್ರ ನನ್ನ ಗೆಳೆಯನದು. 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಛಾಯಾಚಿತ್ರಕ್ಕೆ ರಕ್ಷಣೆ ಅದನ್ನು ತೆಗೆದವರು ತೀರಿಕೊಂಡ ವರ್ಷದ ನಂತರ 60 ವರ್ಷ. ಪುಸ್ತಕಕ್ಕೂ ಅಷ್ಟೇ, ಲೇಖಕರು ತೀರಿಕೊಂಡ ವರ್ಷದ ನಂತರ 60 ವರ್ಷ. ನಮ್ಮ ಜಿಲ್ಲೆಯ ಬಸವರಾಜ ಕಟ್ಟೀಮನಿ 1989ರಲ್ಲಿ ತೀರಿಕೊಂಡರು. ಅವರ ಕಾದಂಬರಿಗಳು 2049ರ ಕೊನೆಯವರೆಗೂ ಹಕ್ಕುಸ್ವಾಮ್ಯದಲ್ಲೇ ಇರುತ್ತವೆ. ಪಿಡಿಎಫ್ ಮಾಡಿ ಗುಂಪುಗಳಲ್ಲಿ ಹಂಚುವ ಸಾಹಿತ್ಯಪ್ರೇಮಿಗಳು ಗಮನಿಸಬೇಕು.

ಹಾಗೆಂದು ಎಲ್ಲಕ್ಕೂ ರಕ್ಷಣೆ ಇಲ್ಲ. ವಿಚಾರಕ್ಕೆ ಹಕ್ಕುಸ್ವಾಮ್ಯವಿಲ್ಲ, ಅದನ್ನು ಹೇಳಿದ ರೀತಿಗೆ ಇದೆ ಎಂದು ಸುಪ್ರೀಂ ಕೋರ್ಟ್ 1978ರಲ್ಲಿ ಆರ್.ಜಿ. ಆನಂದ್ ಪ್ರಕರಣದಲ್ಲೇ ಸ್ಪಷ್ಟಪಡಿಸಿದೆ. ಹಾಲು, ಖೋವಾ, ಸಕ್ಕರೆ ಸೇರಿ ಕುಂದಾ ಆಗುತ್ತದೆ ಎಂಬುದು ಯಾರ ಸೊತ್ತೂ ಅಲ್ಲ. ಅದನ್ನು ಕೆದಕುವ ಬಗೆಯನ್ನು ನೀವು ಬರೆದ ಪ್ಯಾರಾ ನಿಮ್ಮದು.

ತಪ್ಪು ಕಲ್ಪನೆ: ನೋಂದಣಿ ಮಾಡಿಸದಿದ್ದರೆ ಹಕ್ಕೇ ಇಲ್ಲ.

ಕೃತಿ ಹುಟ್ಟಿದ ಗಳಿಗೆಯಲ್ಲೇ ಹಕ್ಕು ಹುಟ್ಟುತ್ತದೆ. ವೃತ್ತದೊಳಗೆ 'ಸಿ' ಇರುವ ಗುರುತು ಹಾಕದಿದ್ದರೂ ಸರಿ. ದಿಲ್ಲಿಯ ಹಕ್ಕುಸ್ವಾಮ್ಯ ಕಚೇರಿಯಲ್ಲಿ ನೋಂದಾಯಿಸಿದರೆ ನ್ಯಾಯಾಲಯದಲ್ಲಿ ಮೇಲ್ನೋಟದ ಸಾಕ್ಷ್ಯವಾಗುತ್ತದೆ, ಅಷ್ಟು ಅನುಕೂಲ. ಅದಕ್ಕಿಂತ ಹತ್ತಿರದ ಸಾಕ್ಷ್ಯ ಕ್ಯಾಮೆರಾದಿಂದ ಬಂದ ಮೂಲ ಫೈಲು, ಅಂದರೆ ಫೋಟೊಗ್ರಾಫರುಗಳ ಬಾಯಲ್ಲಿ 'ರಾ'. ಅದನ್ನು ಅಳಿಸಬೇಡಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಚಿತ್ರದೊಳಗಿನ ದಿನಾಂಕ, ಕ್ಯಾಮೆರಾ ವಿವರ ಕಳಚಿಹೋಗುತ್ತವೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಉಳಿಯುತ್ತವೆ.

ತಪ್ಪು ಕಲ್ಪನೆ: ನಾನು ತೆಗೆದ ಫೋಟೊ ಎಲ್ಲವೂ ನನ್ನದೇ.

ಇದನ್ನು ಹೇಳಿದಾಗ ಗೆಳೆಯನ ಮುಖ ಸಣ್ಣಗಾಯಿತು. ಹಲಸಿಯ ಚಿತ್ರ ಅವನದು, ಸರಿ. ಆದರೆ ಹಣ ಕೊಟ್ಟು ಕರೆಸಿ ತೆಗೆಸಿದ ಮದುವೆಯ ಫೋಟೊ? ಕಾಯ್ದೆಯ 17ನೇ ಕಲಂ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ಅದರ ಮೊದಲ ಒಡೆಯರು ಹಣ ಕೊಟ್ಟು ತೆಗೆಸಿದವರು. ಅವನ ತಾಣದ ಅರ್ಧದಷ್ಟು ಜಾಗದಲ್ಲಿ ಇದ್ದದ್ದು ಕಂಡವರ ಮನೆಯ ಮದುಮಕ್ಕಳು. ಒಬ್ಬರನ್ನೂ ಕೇಳಿರಲಿಲ್ಲ. ರೈಟ್ ಕ್ಲಿಕ್ ಬಂದ್ ಮಾಡಿಸಲು ಬಂದವನು ಆ ರಾತ್ರಿ ಹಳೆಯ ಗಿರಾಕಿಗಳಿಗೆ ಒಪ್ಪಿಗೆ ಕೇಳುವ ಮೆಸೇಜ್ ಕಳಿಸುತ್ತ ಕೂತ.

ತಪ್ಪು ಕಲ್ಪನೆ: ಸೇವ್ ಮಾಡಿಕೊಳ್ಳುವವರೆಲ್ಲ ಕಳ್ಳರು.

ಜಾಂಬೋಟಿ ದಾಟಿ ಕಾಡಿನ ದಾರಿ ಹಿಡಿದರೆ ನೆಟ್‌ವರ್ಕ್ ಕೈಕೊಡುತ್ತದೆ. ಅತ್ತ ಕಡೆಯ ವಿದ್ಯಾರ್ಥಿಗಳು ಖಾನಾಪುರಕ್ಕೆ ಬಂದಾಗ ಬೇಕಾದ ಪುಟಗಳನ್ನು ಮೊಬೈಲಿಗೆ ಇಳಿಸಿಕೊಂಡು ಊರಿಗೆ ಹೋಗಿ ಓದುತ್ತಾರೆ. ಭೀಮಗಡದ ಬಾರಾಪೇಡೆ ಗುಹೆಗಳಿಂದಲೇ ರಾಟನ್ ಬಾವಲಿ ಜಗತ್ತಿಗೆ ಮೊದಲು ಪರಿಚಯವಾಯಿತು. ಅದರ ಬಗ್ಗೆ ಓದಲು ಆ ಗುಹೆಗಳ ಪಕ್ಕದ ಊರಿನ ಹುಡುಗಿ ಪುಟವನ್ನು ಸೇವ್ ಮಾಡಿಕೊಳ್ಳಲೇಬೇಕು. ಸ್ವಂತ ಓದಿಗೆ, ಸಂಶೋಧನೆಗೆ, ವಿಮರ್ಶೆಗೆ ಮಾಡುವ ನ್ಯಾಯಯುತ ಬಳಕೆಯನ್ನು ಕಾಯ್ದೆಯ 52ನೇ ಕಲಮೇ ಉಲ್ಲಂಘನೆಯ ಪಟ್ಟಿಯಿಂದ ಹೊರಗಿಟ್ಟಿದೆ. ಫ್ಲೆಕ್ಸ್ ಅಂಗಡಿಗೂ ಈ ಹುಡುಗಿಗೂ ಒಂದೇ ಬೀಗ ಹಾಕಿದರೆ ಹೊರಗೆ ಉಳಿಯುವವಳು ಈ ಹುಡುಗಿಯೇ.

ತಪ್ಪು ಕಲ್ಪನೆ: ಕದ್ದ ಮೇಲೆ ಮಾಡುವುದೇನೂ ಇಲ್ಲ.

ಮಾಡುವುದು ಬೇಕಾದಷ್ಟಿದೆ. ಮೊದಲು ಕದ್ದ ಪುಟದ ಅಥವಾ ಫ್ಲೆಕ್ಸಿನ ಚಿತ್ರವನ್ನು ದಿನಾಂಕದ ಸಮೇತ ಇಟ್ಟುಕೊಳ್ಳಿ. ಕದ್ದವರಿಗೆ ಒಂದು ಪತ್ರ ಬರೆಯಿರಿ. ಎಷ್ಟೋ ಜನ ಅಲ್ಲೇ ತೆಗೆಯುತ್ತಾರೆ. ಬಗ್ಗದಿದ್ದರೆ ಗೂಗಲ್, ಫೇಸ್‌ಬುಕ್‌ಗಳಂಥ ಸಂಸ್ಥೆಗಳಿಗೆ ಹಕ್ಕುಸ್ವಾಮ್ಯದ ದೂರು ಕೊಡಲು ಅರ್ಜಿಗಳಿವೆ. 2013ರ ಹಕ್ಕುಸ್ವಾಮ್ಯ ನಿಯಮಗಳ ಪ್ರಕಾರ ಸರಿಯಾದ ದೂರು ತಲುಪಿದ ಮೇಲೆ ಮಧ್ಯವರ್ತಿ ಸಂಸ್ಥೆ 36 ಗಂಟೆಯೊಳಗೆ ಕದ್ದ ಪ್ರತಿಯನ್ನು ತಡೆಹಿಡಿಯಬೇಕು. 21 ದಿನದೊಳಗೆ ದೂರುದಾರರು ನ್ಯಾಯಾಲಯದ ಆದೇಶ ತಾರದಿದ್ದರೆ ಮತ್ತೆ ತೆರೆಯಬಹುದು. ಮೊಕದ್ದಮೆ ಹೂಡಲು ಕದ್ದವನ ಊರಿಗೆ ಅಲೆಯಬೇಕೆಂಬ ಭಯ ಬೇಡ. 62ನೇ ಕಲಂ ಹಕ್ಕುದಾರ ವಾಸವಿರುವ ಕಡೆಯ ಜಿಲ್ಲಾ ನ್ಯಾಯಾಲಯಕ್ಕೇ ಹೋಗಲು ಅವಕಾಶ ಕೊಟ್ಟಿದೆ. ಖಾನಾಪುರದವರಿಗೆ ಅದು ಬೆಳಗಾವಿ. ಗೊತ್ತಿದ್ದೂ ಮಾಡಿದ ಕಳವಿಗೆ 63ನೇ ಕಲಮಿನಲ್ಲಿ ಮೂರು ವರ್ಷದವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ ಇದೆ. ಇದು ಪೊಲೀಸರು ನೇರವಾಗಿ ಪ್ರಕರಣ ದಾಖಲಿಸಬಹುದಾದ ಅಪರಾಧ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಒಂದು ಫ್ಲೆಕ್ಸಿಗೆ ಕೋರ್ಟು ಹತ್ತುವುದು ಲಾಭದ ಬಾಬತ್ತಲ್ಲ, ಒಪ್ಪುತ್ತೇನೆ. ಆದರೆ ಕಲಮಿನ ಹೆಸರಿರುವ ಪತ್ರಕ್ಕೆ ಬರೀ ಬೈಗುಳಕ್ಕಿಂತ ತೂಕ ಹೆಚ್ಚು.

ಹಾಗಾದರೆ ನಿಜವಾದ ಬೀಗವೇ ಇಲ್ಲವೆ? ಒಂದಿದೆ: ಕಳಿಸದಿರುವುದು. ಸರ್ವರ್ ಕಳಿಸದ ಫೈಲನ್ನು ಯಾರೂ ಸೇವ್ ಮಾಡಲಾರರು. ಇಡೀ ಲೇಖನವನ್ನು ಕಳಿಸಿ ಮೇಲೊಂದು ಪರದೆ ಎಳೆದು 'ಚಂದಾದಾರರಿಗೆ ಮಾತ್ರ' ಎನ್ನುವ ತಾಣಗಳ ಪರದೆ ರೀಡರ್ ಮೋಡ್‌ನಲ್ಲಿ ಸರಿದುಹೋಗುತ್ತದೆ. ಲಾಗಿನ್ ಆದ ಮೇಲಷ್ಟೇ ಲೇಖನ ಕಳಿಸುವ ತಾಣದಲ್ಲಿ ಸರಿಯಲು ಪರದೆಯೇ ಇರುವುದಿಲ್ಲ. ಫೋಟೊಕ್ಕೂ ಇದೇ ಲೆಕ್ಕ. ಆಲ್ಬಮ್ಮಿನ 12×18 ಇಂಚಿನ ಹಾಳೆ ಚೊಕ್ಕವಾಗಿ ಅಚ್ಚಾಗಬೇಕಾದರೆ ಇಂಚಿಗೆ 300ರಂತೆ ಉದ್ದಕ್ಕೆ 5,400 ಪಿಕ್ಸೆಲ್ ಬೇಕು. ಗೆಳೆಯ ಹಾಕಿದ್ದು 6,000 ಪಿಕ್ಸೆಲ್‌ನ ಪೂರ್ತಿ ಫೈಲು! 1,200 ಪಿಕ್ಸೆಲ್‌ನದು ಮೊಬೈಲಿನಲ್ಲಿ ಅಷ್ಟೇ ಚೆಂದ ಕಾಣುತ್ತದೆ, ಅಚ್ಚಿಗೆ ಹೋದರೆ ನಾಲ್ಕು ಇಂಚಿಗೆ ನಿಲ್ಲುತ್ತದೆ. (ಫ್ಲೆಕ್ಸ್‌ನವರಿಗೆ ಮಸುಕಿನ ಚಿಂತೆ ಇಲ್ಲ ಎಂಬುದು ನಿಜ. ಅದಕ್ಕೇ ಹೆಸರನ್ನು ಮೂಲೆಯಿಂದ ಎತ್ತಿ ಗುಡಿಯ ಗೋಡೆಗೆ ಅಡ್ಡಲಾಗಿ, ತೆಳ್ಳಗೆ ಹಾಕಿದೆವು. ಮೂಲೆಯದನ್ನು ಕತ್ತರಿಸಬಹುದು, ಗೋಡೆಯದನ್ನು ಅಳಿಸಲು ಕೂತು ದುಡಿಯಬೇಕು.)

ಅವನ ತಾಣದಲ್ಲಿ ಈಗ ರೈಟ್ ಕ್ಲಿಕ್ ಆರಾಮಾಗಿ ನಡೆಯುತ್ತದೆ. ಪ್ರತಿ ಚಿತ್ರದ ಕೆಳಗೆ 'ದೊಡ್ಡ ಪ್ರತಿ ಬೇಕಾದರೆ ಫೋನ್ ಮಾಡಿರಿ' ಎಂಬ ಸಾಲಿದೆ, ಪಕ್ಕದಲ್ಲಿ ನಂಬರಿದೆ. ನಂಬರು ಕಾಪಿ ಆಗುತ್ತದೆ.