ತಕ್ಕಡಿಯ ತೂಕವೂ ಚುಕ್ಕಿಯ ಲೆಕ್ಕವೂ

ಹಲವು ವರ್ಷಗಳ ಕಾಲ ತರಗತಿಯಲ್ಲಿ ಹೇಳಿಕೊಂಡು ಬಂದ ಒಂದು ಮಾತನ್ನು ನಾನು ಇಂದು ಹಿಂದಕ್ಕೆ ತೆಗೆದುಕೊಳ್ಳಬೇಕಾಗಿದೆ. ಇಡಿಯ ತೂಕವೆಂದರೆ ಬಿಡಿಗಳ ತೂಕಗಳ ಮೊತ್ತ. ಅದಕ್ಕಿಂತ ಹೆಚ್ಚೂ ಇಲ್ಲ, ಕಡಮೆಯೂ ಇಲ್ಲ ಎಂಬುದೇ ಆ ಮಾತು. ಅಂಗಡಿಯ ತಕ್ಕಡಿಗೆ ಇದು ಸಲ್ಲುತ್ತದೆ. ಪರಮಾಣುವಿಗೂ ಬಹುಮಟ್ಟಿಗೆ ಸಲ್ಲುತ್ತದೆ. ಅಲ್ಲಿಂದ ಕೆಳಗೆ ಇನ್ನೊಂದು ಮೆಟ್ಟಿಲು ಇಳಿದೆವೆಂದರೆ ಸಲ್ಲುವುದಿಲ್ಲ.

ಒಂದು ದಿನ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸಾರ್, ಪ್ರೋಟಾನಿನೊಳಗೆ ಮೂರು ಕ್ವಾರ್ಕುಗಳಿವೆ ಎಂದಿರಿ. ಆ ಮೂರರ ತೂಕವನ್ನು ಕೂಡಿಸಿದರೆ ಪ್ರೋಟಾನಿನ ತೂಕ ಬರುತ್ತದೆಯೇ?" ಎಂದು ಕೇಳಿದ. "ಬರಲೇಬೇಕಲ್ಲಪ್ಪ" ಎಂದು ನಕ್ಕು ಅವನನ್ನು ಕೂರಿಸಿದೆ. ಮನೆಗೆ ಬಂದು ಪುಸ್ತಕ ತೆರೆದಾಗ ನಗು ನನ್ನ ಮೇಲೆಯೇ ತಿರುಗಿತು.

ಹತ್ತು ಲಕ್ಷ ಎಲೆಕ್ಟ್ರಾನ್ ವೋಲ್ಟನ್ನು ಒಂದು ಮಾನವೆಂದು ಇಟ್ಟುಕೊಳ್ಳೋಣ. ಆ ಮಾನದಲ್ಲಿ ಪ್ರೋಟಾನಿನ ದ್ರವ್ಯರಾಶಿ 938. ಅದರೊಳಗಿನ ಎರಡು 'ಅಪ್' ಕ್ವಾರ್ಕುಗಳದು ತಲಾ ಸುಮಾರು 2, ಒಂದು 'ಡೌನ್' ಕ್ವಾರ್ಕಿನದು ಸುಮಾರು 5. ಮೂರನ್ನೂ ಕೂಡಿಸಿದರೆ ಒಂಬತ್ತು. ಎಂದರೆ ನೂರರಲ್ಲಿ ಒಂದು ಪಾಲು! ಮಿಕ್ಕ ತೊಂಬತ್ತೊಂಬತ್ತು ಪಾಲು ಎಲ್ಲಿಂದ ಬಂದಿತು? ಪರಮಾಣುಗಳ ತೂಕವೆಲ್ಲ ಪ್ರೋಟಾನು ನ್ಯೂಟ್ರಾನುಗಳಲ್ಲಿಯೇ ಇರುವುದರಿಂದ, ನಮ್ಮ ದೇಹ, ಮನೆ, ಬೆಟ್ಟ, ಭೂಮಿ ಇವುಗಳೆಲ್ಲದರ ತೂಕದ ಪ್ರಶ್ನೆಯೂ ಇದೇ. 2012ರಲ್ಲಿ ಕಂಡ ಹಿಗ್ಸ್ ಕಣದಿಂದಲೇ ವಸ್ತುಗಳಿಗೆಲ್ಲ ತೂಕ ಬಂದಿತೆಂದು ಅನೇಕರು ಬರೆದರು. ಹಿಗ್ಸ್ ಕ್ಷೇತ್ರದ ಕೊಡುಗೆ ಕ್ವಾರ್ಕುಗಳ ಸ್ವಂತ ತೂಕ. ನಮ್ಮ ತೂಕದಲ್ಲಿ ಅದು ಆ ಒಂದು ಪಾಲಿಗೆ ಸೇರಿದ್ದು.

ಉಳಿದುದಕ್ಕೆ ಉತ್ತರದ ದಿಕ್ಕು ಬಹುಕಾಲದಿಂದ ಗೊತ್ತು. ಶಕ್ತಿಗೂ ದ್ರವ್ಯರಾಶಿ ಉಂಟೆಂದು ಐನ್‌ಸ್ಟೈನ್ 1905ರಲ್ಲಿಯೇ ತೋರಿಸಿದ್ದರು. ಪ್ರೋಟಾನಿನೊಳಗೆ ಕ್ವಾರ್ಕುಗಳು ಬೆಳಕಿನ ವೇಗಕ್ಕೆ ಸಮೀಪವಾಗಿ ಓಡಾಡುತ್ತಿವೆ. ಅವುಗಳನ್ನು ಬಿಗಿದಿರುವ ಗ್ಲೂಆನ್ ಎಂಬ ಕ್ಷೇತ್ರ ಕುದಿಯುತ್ತಿದೆ. ಆ ಓಟದ, ಆ ಕುದಿತದ ಶಕ್ತಿಯೇ ನಮ್ಮ ತೂಕ. ಆದರೆ ದಿಕ್ಕು ತೋರಿಸುವುದು ಬೇರೆ, ಲೆಕ್ಕ ಒಪ್ಪಿಸುವುದು ಬೇರೆ. 938 ಎಂಬ ಅಂಕಿಯನ್ನು ಸಿದ್ಧಾಂತದಿಂದಲೇ ಹೊರತೆಗೆಯಬಲ್ಲೆವೇ?

ವಿದ್ಯುತ್ತಿನ ಬಲದ ವಿಷಯದಲ್ಲಿ ಇಂಥ ಲೆಕ್ಕ ಸುಲಭ. ಅಲ್ಲಿ ಬಲದ ಗಾತ್ರವನ್ನು ಹೇಳುವ ಸಂಖ್ಯೆ ಸುಮಾರು 137ರಲ್ಲಿ ಒಂದು. ಮೊದಲು ಸ್ಥೂಲವಾದ ಉತ್ತರ, ಅದಕ್ಕೊಂದು ಸಣ್ಣ ತಿದ್ದುಪಡಿ, ಅದಕ್ಕಿನ್ನೊಂದು ಇನ್ನೂ ಸಣ್ಣ ತಿದ್ದುಪಡಿ, ಹೀಗೆ ನಡೆದರೆ ನಾಲ್ಕಾರು ಹೆಜ್ಜೆಯಲ್ಲಿ ಸತ್ಯ ಕೈಗೆಟುಕುತ್ತದೆ. ಕ್ವಾರ್ಕುಗಳ ನಡುವಣ ಪ್ರಬಲ ಬಲ ಹಾಗಲ್ಲ. ಅದು ಹತ್ತಿರದಲ್ಲಿ ಮೃದು, ದೂರದಲ್ಲಿ ಉಗ್ರ. 1973ರಲ್ಲಿ ಗ್ರಾಸ್, ವಿಲ್ಚೆಕ್, ಪೊಲಿಟ್ಸರ್ ಎಂಬ ಮೂವರು ಇದನ್ನು ಕಂಡುಹಿಡಿದು 2004ರಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು. ಪ್ರೋಟಾನಿನ ಗಾತ್ರದಷ್ಟು ದೂರಕ್ಕೆ ಬಂದಾಗ ಒಂದೊಂದು ತಿದ್ದುಪಡಿಯೂ ಮೂಲ ಉತ್ತರದಷ್ಟೇ ದೊಡ್ಡದಾಗುತ್ತದೆ. ಬಡ್ಡಿಯೇ ಅಸಲನ್ನು ನುಂಗುವ ಸಾಲದಂತೆ ಲೆಕ್ಕ ಎಂದಿಗೂ ತೀರುವುದಿಲ್ಲ.

ಈ ಇಕ್ಕಟ್ಟಿನಿಂದ ದಾರಿ ಬಿಡಿಸಿದವರು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿದ್ದ ಕೆನೆತ್ ವಿಲ್ಸನ್. 1974ರ ಅವರ ಉಪಾಯವನ್ನು ನಮ್ಮ ಮನೆಯಂಗಳದ ಮಾತಿನಲ್ಲಿ ಹೇಳಬಹುದು. ಅಂಗಳವನ್ನೆಲ್ಲ ತುಂಬಲಾರದವರು ಚುಕ್ಕಿಯಿಟ್ಟು ಎಳೆ ಎಳೆಯುತ್ತಾರಲ್ಲವೆ? ವಿಲ್ಸನ್ನರೂ ದೇಶಕಾಲಗಳ ಅಖಂಡ ಹರವನ್ನು ಬಿಟ್ಟು ಸಮನಾದ ಅಂತರದಲ್ಲಿ ಚುಕ್ಕಿಗಳನ್ನಿಟ್ಟರು. ಚುಕ್ಕಿಯ ಮೇಲೆ ಕ್ವಾರ್ಕು, ಚುಕ್ಕಿಯಿಂದ ಚುಕ್ಕಿಗೆ ಹೋಗುವ ಎಳೆಯ ಮೇಲೆ ಗ್ಲೂಆನ್ ಕ್ಷೇತ್ರ.

ಇಲ್ಲಿ 'ಗೇಜ್' ಎಂಬ ಮಾತಿನ ಅರ್ಥವನ್ನೂ ಹೇಳಬೇಕು. ಗೇಜ್ ಎಂದರೆ ಅಳತೆಗೋಲು. ಹಿಂದೆ ನಮ್ಮ ಸೀಮೆಯಲ್ಲಿ ಊರೂರಿಗೆ ಸೇರು ಬೇರೆ ಇತ್ತು. ಒಂದೂರಿನ ರಾಗಿಯನ್ನು ಇನ್ನೊಂದೂರಿಗೆ ಒಯ್ದವನಿಗೆ ಈ ಸೇರಿಗೆ ಆ ಸೇರು ಎಷ್ಟು ಎಂಬ ಲೆಕ್ಕ ಬೇಕಾಗುತ್ತಿತ್ತು. ಹಾಗೆಯೇ ಒಂದೊಂದು ಚುಕ್ಕಿಯೂ ಕ್ವಾರ್ಕಿನ 'ಬಣ್ಣ'ವನ್ನು ತನ್ನದೇ ಅಳತೆಯಿಂದ ಅಳೆಯಲು ಸ್ವತಂತ್ರ. ಎರಡು ಚುಕ್ಕಿಗಳ ನಡುವಣ ಎಳೆ ಆ ಅಳತೆಗಳನ್ನು ಹೊಂದಿಸುವ ಕೋಷ್ಟಕ. ನಾಲ್ಕು ಚುಕ್ಕಿಗಳ ಸುತ್ತ ಒಂದು ಪ್ರದಕ್ಷಿಣೆ ಬಂದು ಹೊರಟಲ್ಲಿಗೇ ಸೇರಿದಾಗ ಅಳತೆ ಮೊದಲಿನಂತೆಯೇ ಇದ್ದರೆ ಅಲ್ಲಿ ಬಲವಿಲ್ಲ. ವ್ಯತ್ಯಾಸ ಬಂದರೆ ಬಲವಿದೆ. ಯಾವ ಊರಿನ ಸೇರನ್ನೂ ನೆಚ್ಚದೆ ಹೇಳಬಹುದಾದ ಮಾತು ಇಂಥ ಮುಚ್ಚಿದ ಸುತ್ತಿನದು ಮಾತ್ರ. ಈ ಸುತ್ತುಗಳನ್ನು ಲೆಕ್ಕಹಾಕಿ, ಬಲ ಅತಿ ಪ್ರಬಲವೆಂದು ಭಾವಿಸಿದಾಗ ಎರಡು ಕ್ವಾರ್ಕುಗಳನ್ನು ಎಳೆದು ಬೇರ್ಪಡಿಸುವ ಶಕ್ತಿ ದೂರದೊಡನೆ ಬೆಳೆಯುತ್ತಲೇ ಹೋಗುತ್ತದೆಂದು ವಿಲ್ಸನ್ ತೋರಿಸಿದರು. ನಿಜಜಗತ್ತಿನಲ್ಲಿ ಆ ಹುರಿಯ ಬಿಗಿ ಸುಮಾರು ಹದಿನೈದು ಟನ್ ಭಾರವನ್ನು ತೂಗುವಷ್ಟು. ಒಂಟಿ ಕ್ವಾರ್ಕು ಯಾರ ಕಣ್ಣಿಗೂ ಬೀಳದಿರುವುದು ಇದರಿಂದಲೇ.

ಆದರೆ ಚುಕ್ಕಿಗಳು ನಾವು ಇಟ್ಟವು, ಪ್ರಕೃತಿ ಇಟ್ಟುದಲ್ಲ. ಅಂತರವನ್ನು ಕಿರಿದು ಮಾಡುತ್ತ ಹೋಗಿ ಉತ್ತರ ನಿಲ್ಲುವುದೆಲ್ಲಿ ಎಂದು ನೋಡಬೇಕು. ಇದು ಲೇಖಣಿಗೆ ಅಸಾಧ್ಯ, ಗಣಕಯಂತ್ರಕ್ಕೂ ದುಸ್ಸಾಧ್ಯ. ಒಂದು ದಿಕ್ಕಿಗೆ 64ರಂತೆ ಮೂರು ದಿಕ್ಕು, ಕಾಲದ ದಿಕ್ಕಿಗೆ 128 ಚುಕ್ಕಿಗಳನ್ನಿಟ್ಟರೆ ಒಟ್ಟು ಚುಕ್ಕಿಗಳು ಮೂರು ಕೋಟಿ ಮೂವತ್ತೈದು ಲಕ್ಷಕ್ಕೂ ಹೆಚ್ಚು; ಎಳೆಗಳು ಅದರ ನಾಲ್ಕು ಪಟ್ಟು. ಆ ಎಳೆಗಳು ಇರಬಹುದಾದ ಬಗೆಗಳನ್ನೆಲ್ಲ ಎಣಿಸಲು ಕಲ್ಪಾಂತರವೂ ಸಾಲದು. ಆಗ ನೆರವಿಗೆ ಬರುವುದು ಅಗುಳಿನ ನ್ಯಾಯ. ಅನ್ನ ಬೆಂದಿದೆಯೇ ಎಂದು ನೋಡಲು ಪಾತ್ರೆಯ ಅನ್ನವನ್ನೆಲ್ಲ ಯಾರೂ ಹಿಚುಕುವುದಿಲ್ಲ. ಸಂಭವ ಹೆಚ್ಚಿರುವ ವಿನ್ಯಾಸಗಳನ್ನೇ ಹೆಚ್ಚಾಗಿ ಆಯ್ದು, ಕೆಲವು ನೂರು ಸಾವಿರಗಳ ಸರಾಸರಿಯಿಂದ ಉತ್ತರ ಪಡೆಯುವ ಈ ವಿಧಾನಕ್ಕೆ ಮಾಂಟೆ ಕಾರ್ಲೋ ಎಂಬ ಜೂಜಿನ ಊರಿನ ಹೆಸರು ಬಂದಿದೆ. ಆಯುವ ಕ್ರಮವನ್ನು ಮೆಟ್ರೋಪೊಲಿಸ್ ಮತ್ತು ಸಂಗಡಿಗರು 1953ರಲ್ಲಿ ಪ್ರಕಟಿಸಿದ್ದರು. ಕಾಲವನ್ನೂ ದೇಶದ ನಾಲ್ಕನೆಯ ದಿಕ್ಕಿನಂತೆ ಭಾವಿಸುವ ಒಂದು ಗಣಿತದ ಯುಕ್ತಿಯಿಂದ ಈ ಕ್ರಮ ಇಲ್ಲಿಗೂ ಒಗ್ಗುತ್ತದೆ. 1980ರಲ್ಲಿ ಬ್ರೂಕ್‌ಹೇವನ್ನಿನ ಮೈಕೆಲ್ ಕ್ರೂಟ್ಸ್, ಹೆಚ್ಚೆಂದರೆ ದಿಕ್ಕಿಗೆ ಹತ್ತರಂತೆ ಚುಕ್ಕಿಗಳಿದ್ದ ಪುಟ್ಟ ಜಾಲರಿಯಲ್ಲಿ, ದೂರದ ಬಿಗಿತ ಮತ್ತು ಹತ್ತಿರದ ಮೃದುತ್ವ ಒಂದೇ ಸಿದ್ಧಾಂತದ ಎರಡು ಮುಖಗಳೆಂಬುದನ್ನು ಕಾಣಿಸಿಕೊಟ್ಟರು.

ತೂಕ ಅಳೆಯುವ ಬಗೆ ಹೀಗೆ: ಒಂದು ಚುಕ್ಕಿಯಲ್ಲಿ ಮೂರು ಕ್ವಾರ್ಕುಗಳನ್ನು ಹುಟ್ಟಿಸಿ, ಕಾಲದ ದಿಕ್ಕಿನಲ್ಲಿ ದೂರದ ಚುಕ್ಕಿಗಳಲ್ಲಿ ಅವುಗಳ ಸುಳಿವು ಎಷ್ಟು ಉಳಿದಿದೆಯೆಂದು ನೋಡುವುದು. ಸುಳಿವು ಬೇಗ ಕ್ಷೀಣಿಸಿದಷ್ಟೂ ಕಣ ಭಾರವಾದದ್ದು. ಹೇಳುವುದು ಸುಲಭ. ಶೂನ್ಯದಿಂದ ಚಿಮ್ಮಿ ಮತ್ತೆ ಅಡಗುವ ಕ್ವಾರ್ಕು ಜೋಡಿಗಳನ್ನು ಲೆಕ್ಕಕ್ಕೆ ಹಿಡಿದರೆ ದುಡಿಮೆ ನೂರ್ಮಡಿಸುತ್ತದೆಂದು ಬಹುಕಾಲ ಅವುಗಳನ್ನು ಬಿಟ್ಟೇ ಲೆಕ್ಕ ಮಾಡುತ್ತಿದ್ದರು. ಈ ವಿದ್ಯೆಯವರ ವಾರ್ಷಿಕ ಅಂತರರಾಷ್ಟ್ರೀಯ ಸಮ್ಮೇಳನ 2000ದ ಆಗಸ್ಟಿನಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ನೆರೆದಿತ್ತು ಎಂಬುದನ್ನು ಬಲ್ಲವರು ನಮ್ಮಲ್ಲಿ ಕಡಮೆ. ಆಗಿನ್ನೂ ಪೂರ್ಣ ಲೆಕ್ಕ ಮುಂದಿನ ಮಾತಾಗಿತ್ತು.

ಅದು ಕೈಗೂಡಿದ್ದು 2008ರಲ್ಲಿ. ಬುಡಾಪೆಸ್ಟ್, ಮಾರ್ಸೇಲ್, ವುಪ್ಪರ್ಟಾಲ್ ಊರುಗಳ ವಿಜ್ಞಾನಿಗಳ ತಂಡ ಮೂರೇ ಅಳತೆಗಳನ್ನು ಪ್ರಯೋಗದಿಂದ ಎರವಲು ಪಡೆದು, ಉಳಿದ ಕಣಗಳ ತೂಕಗಳನ್ನು ಸಿದ್ಧಾಂತದಿಂದ ಬಿಡಿಸಿತು. ಪ್ರೋಟಾನು ನ್ಯೂಟ್ರಾನುಗಳಿಗೆ ಅವರು ಪಡೆದ ಬೆಲೆ 936. ಸಂದೇಹದ ಅಂಚು ನೂರಕ್ಕೆ ನಾಲ್ಕರೊಳಗೆ. 2015ರಲ್ಲಿ ಅದೇ ಬಳಗದವರು ಇನ್ನೂ ಸೂಕ್ಷ್ಮಕ್ಕೆ ಕೈಹಾಕಿದರು. ನ್ಯೂಟ್ರಾನು ಪ್ರೋಟಾನಿಗಿಂತ ನೂರಕ್ಕೆ 0.14ರಷ್ಟು ಮಾತ್ರ ಭಾರ. ಈ ಕೂದಲೆಳೆಯ ವ್ಯತ್ಯಾಸ ತಿರುಗುಮುರುಗಾಗಿದ್ದರೆ ಒಂಟಿ ಪ್ರೋಟಾನೇ ಕೊಳೆತು ನ್ಯೂಟ್ರಾನಾಗಬಹುದಿತ್ತು. ಆಗ ಜಲಜನಕವೆಲ್ಲಿ, ನೀರೆಲ್ಲಿ, ನಾವೆಲ್ಲಿ? ಆ ವ್ಯತ್ಯಾಸವೂ ಚುಕ್ಕಿಯ ಲೆಕ್ಕದಿಂದ ಹೊರಬಂದಿತು.

ಎಲ್ಲವೂ ಗೆದ್ದಂತಲ್ಲ. ನ್ಯೂಟ್ರಾನ್ ನಕ್ಷತ್ರದ ಗರ್ಭದಂಥ ಸಾಂದ್ರ ವಸ್ತುವಿಗೆ ಬಂದಾಗ ಸಂಭವದ ಬೆಲೆಗಳೇ ಧನ ಋಣಗಳ ನಡುವೆ ತೊಳಲಾಡಿ ಅಗುಳಿನ ನ್ಯಾಯ ಸೋಲುತ್ತದೆ. ಮುಂಬಯಿಯ ಟಾಟಾ ಸಂಸ್ಥೆಯ ಗವಾಯಿ, ಗುಪ್ತ ಮೊದಲಾದವರು ಆ ಗೋಡೆಯನ್ನು ಪಕ್ಕದಿಂದ ಬಳಸಿ ನೋಡಲು ಶ್ರಮಿಸಿದ್ದಾರೆ. ಇನ್ನು ಈ ಸಿದ್ಧಾಂತಕ್ಕೆ ಗಣಿತದ ನಿಷ್ಕೃಷ್ಟ ತಳಹದಿಯನ್ನು ಕಟ್ಟಿದವರಿಗೆ ಹತ್ತು ಲಕ್ಷ ಡಾಲರು ಕೊಡುವೆವೆಂದು ಕ್ಲೇ ಸಂಸ್ಥೆ 2000ದಲ್ಲಿ ಸಾರಿತು. ಆ ಹಣ ಇನ್ನೂ ಅಲ್ಲಿಯೇ ಇದೆ.

ಹಾಗಾದರೆ ಲೆಕ್ಕ ಬಂದಿತೆಂದರೆ ತಿಳಿವು ಬಂದಿತೆಂದೇ? ಯಂತ್ರ ಅಂಕಿಯನ್ನು ಕೊಟ್ಟಿತು, ಕಾರಣವನ್ನು ನುಡಿಯಲಿಲ್ಲ ಎಂದು ಬಲ್ಲ ಮಿತ್ರರು ನನ್ನೊಡನೆ ವಾದಿಸಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಆದರೂ ತನ್ನ ತಪ್ಪಿನ ಅಂಚು ಇಷ್ಟೆಂದು ತಾನೇ ಹೇಳಿಕೊಳ್ಳುವ ಉತ್ತರ, ತರಗತಿಯಲ್ಲಿ ನಾನು ನಕ್ಕು ಕೊಟ್ಟ ಉತ್ತರಕ್ಕಿಂತ ಎಷ್ಟೋ ಮೇಲು. ನನ್ನದಕ್ಕೆ ಅಂಚೇ ಇರಲಿಲ್ಲ.

ಆ ಹುಡುಗ ಈಗ ಎಲ್ಲಿರುವನೋ ಅರಿಯೆ. ಈ ಬರಹ ಅವನ ಕಣ್ಣಿಗೆ ಬಿದ್ದರೆ ಇಷ್ಟು ತಿಳಿಯಲಿ: ಅಪ್ಪಾ, ಕೂಡಿಸಿದರೆ ಬರುವುದಿಲ್ಲ. ನೀನು ಕೇಳಿದ್ದು ಸರಿ, ನಿನ್ನನ್ನು ಕೂರಿಸಿದ್ದು ತಪ್ಪು.